ಮೈಲನ್ ಪ್ರೌಢಶಾಲೆ: 161 ಮಕ್ಕಳ ಶಾಲೆಯೊಂದು ರಾಜ್ಯವನ್ನು ಗೆದ್ದ ಚರಿತ್ರೆ

ಅಮೆರಿಕದ ಇಂಡಿಯಾನಾ ರಾಜ್ಯದ ಆಗ್ನೇಯ ಭಾಗದಲ್ಲಿ, ರಿಪ್ಲಿ ಕೌಂಟಿ ಎಂಬ ಜಿಲ್ಲೆಯಲ್ಲಿ ಮೈಲನ್ ಎಂಬ ಪುಟ್ಟ ಪಟ್ಟಣವಿದೆ. ಬರೆಯುವಾಗ ಇಟಲಿಯ ಮಿಲಾನ್ ನಗರದ ಅಕ್ಷರಗಳೇ. ಆದರೆ ಊರವರ ಬಾಯಲ್ಲಿ ಅದು ಮೈಲನ್. ಸಂತ ಅಂಬ್ರೋಸರ, ಸಂತ ಚಾರ್ಲ್ಸ್ ಬೊರೊಮಿಯೊರವರ ಮಿಲಾನನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಲು ಬಂದವರಿಗೆ ಇಲ್ಲಿ ಮಹಾದೇವಾಲಯವಾಗಲಿ ಮಹಾಧರ್ಮಾಧ್ಯಕ್ಷರಾಗಲಿ ಸಿಗಲಾರರು. ಸಿಗುವುದು ಜೋಳದ ಹೊಲಗಳು, ಒಂದು ರೈಲು ಹಳಿ, ಒಂದು ನೀರಿನ ಟ್ಯಾಂಕ್ ಮತ್ತು ಒಂದು ಪ್ರೌಢಶಾಲೆ. 1954ರಲ್ಲಿ ಈ ಊರಿನ ಜನಸಂಖ್ಯೆ ಸುಮಾರು 1,150. ಆ ವರ್ಷದ ಮಾರ್ಚ್ 20ರಂದು ಈ ಶಾಲೆಯ ಹುಡುಗರು ಇಂಡಿಯಾನಾದ ಬಾಸ್ಕೆಟ್‌ಬಾಲ್ ರಾಜ್ಯ ಪ್ರಶಸ್ತಿಯನ್ನು ಗೆದ್ದರು. ಶಾಲೆಯ ವಿದ್ಯಾರ್ಥಿಗಳ ಒಟ್ಟು ಸಂಖ್ಯೆ 161. ಅದರಲ್ಲಿ ಹುಡುಗರು 73 ಮಂದಿ ಮಾತ್ರ.

ಇಷ್ಟು ಸಣ್ಣ ಶಾಲೆ ಅದಾದ ಮೇಲೆ ಮತ್ತೆಂದೂ ಎಲ್ಲರಿಗೂ ತೆರೆದಿದ್ದ ಆ ಒಂದೇ ಪಂದ್ಯಾವಳಿಯನ್ನು ಗೆಲ್ಲಲಿಲ್ಲ. 1997ರ ನಂತರ ಗೆಲ್ಲುವ ಅವಕಾಶವೂ ಉಳಿಯಲಿಲ್ಲ. ಅದು ಏಕೆ ಎಂಬುದನ್ನು ಮುಂದೆ ನೋಡೋಣ.

ಶಾಲೆ ಎಂದರೆ ಯಾವ ಬಗೆಯದು?

ನಮ್ಮೂರಿನಲ್ಲಿ 'ಪಬ್ಲಿಕ್ ಸ್ಕೂಲ್' ಎಂಬ ಬೋರ್ಡ್ ಕಂಡರೆ ಹೆತ್ತವರು ಮೊದಲು ಶುಲ್ಕ ಎಷ್ಟೆಂದು ವಿಚಾರಿಸುತ್ತಾರೆ. ಅಮೆರಿಕದಲ್ಲಿ ಅದರ ಅರ್ಥ ತೀರಾ ಬೇರೆ. ಅಲ್ಲಿ ಪಬ್ಲಿಕ್ ಹೈಸ್ಕೂಲ್ ಎಂದರೆ ತೆರಿಗೆ ಹಣದಿಂದ ನಡೆಯುವ, ಆ ಊರಿನ ಮಕ್ಕಳೆಲ್ಲರಿಗೂ ಶುಲ್ಕವಿಲ್ಲದೆ ಪ್ರವೇಶವಿರುವ ಶಾಲೆ. ಸಾಮಾನ್ಯವಾಗಿ 9ರಿಂದ 12ನೇ ತರಗತಿಯವರೆಗೆ, ಅಂದರೆ ನಮ್ಮ ಪ್ರೌಢಶಾಲೆಯ ಕೊನೆಯ ವರ್ಷಗಳೂ ಪಿಯುಸಿಯೂ ಸೇರಿದಂತೆ. ಆಡಳಿತ ಸ್ಥಳೀಯ ಶಾಲಾ ಮಂಡಳಿಯದ್ದು. ಚರ್ಚು ನಡೆಸುವ ಶಾಲೆಗಳು ಇದರಿಂದ ಹೊರಗೆ.

ಸಣ್ಣ ಊರುಗಳಲ್ಲಿ ಇಂತಹ ಶಾಲೆ ಕೇವಲ ಪಾಠ ಕಲಿಸುವ ಸ್ಥಳವಲ್ಲ. ನಾಟಕ, ಸಂಗೀತ, ಸಭೆ, ಸಮಾರಂಭ ಎಲ್ಲವೂ ಅಲ್ಲಿಯೇ. ಚಳಿಗಾಲದ ಶುಕ್ರವಾರ ರಾತ್ರಿ ಊರು ಖಾಲಿಯಾಗಿ ಶಾಲೆಯ ಒಳಾಂಗಣ ತುಂಬುತ್ತಿತ್ತು. ಅಂಗಡಿಯವನೂ ರೈತನೂ ಕ್ಷೌರಿಕನೂ ಒಂದೇ ಬೆಂಚಿನಲ್ಲಿ ಕುಳಿತು ಐದು ಹುಡುಗರ ಆಟ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ಅದೇ ಕ್ಷೌರಿಕನ ಅಂಗಡಿಯಲ್ಲಿ ಕೋಚ್ ಮಾಡಿದ ತಪ್ಪುಗಳ ಪಟ್ಟಿ ತಯಾರಾಗುತ್ತಿತ್ತು.

ಇಂಡಿಯಾನಾ ಮತ್ತು ಬಾಸ್ಕೆಟ್‌ಬಾಲ್

ಬಾಸ್ಕೆಟ್‌ಬಾಲ್ ಹುಟ್ಟಿದ್ದು ಇಂಡಿಯಾನಾದಲ್ಲಲ್ಲ. 1891ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಗೆ ಆಡುವುದಕ್ಕೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಇದನ್ನು ಆರಂಭಿಸಿದರು. ವೈಎಂಸಿಎ ಹೋದಲ್ಲೆಲ್ಲ ಈ ಆಟವೂ ಹೋಯಿತು. ನಮ್ಮ ದೇಶಕ್ಕೂ ಅದು ಬಂದದ್ದು ಅದೇ ದಾರಿಯಲ್ಲಿ. ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಸಂಸ್ಥೆಯಿಂದ ದಕ್ಷಿಣ ಭಾರತದ ಎಷ್ಟೋ ಶಾಲೆಗಳಿಗೆ ಪಿ.ಟಿ. ಮಾಸ್ತರರು ಬಂದಿದ್ದಾರೆ.

ಆದರೆ ಇಂಡಿಯಾನಾದಲ್ಲಿ ಈ ಆಟ ಬೇರು ಬಿಟ್ಟಂತೆ ಬೇರೆಲ್ಲೂ ಬಿಡಲಿಲ್ಲ. ಕಾರಣ ಸರಳ. ಅಮೆರಿಕನ್ ಫುಟ್‌ಬಾಲ್ ಆಡಲು ಕಡಿಮೆಯೆಂದರೆ 11 ಮಂದಿ ಬೇಕು. ಅವರಿಗೆ ರಕ್ಷಾಕವಚ ಬೇಕು, ಮೈದಾನ ಬೇಕು. ನೂರು ಮಕ್ಕಳ ಹಳ್ಳಿ ಶಾಲೆಗೆ ಇದು ನಿಲುಕದ ಮಾತು. ಬಾಸ್ಕೆಟ್‌ಬಾಲಿಗಾದರೋ ಐದು ಹುಡುಗರು, ಒಂದು ಚೆಂಡು, ಕೊಟ್ಟಿಗೆಯ ಗೋಡೆಗೆ ಹೊಡೆದ ಒಂದು ಕಬ್ಬಿಣದ ಬಳೆ ಸಾಕು. ಕೊಯ್ಲು ಮುಗಿದ ಮೇಲೆ ಚಳಿಗಾಲದಲ್ಲಿ ರೈತರಿಗೆ ಬಿಡುವು. 1911ರಲ್ಲಿ ರಾಜ್ಯ ಮಟ್ಟದ ಮೊದಲ ಪಂದ್ಯಾವಳಿ ನಡೆದು ಕ್ರಾಫರ್ಡ್ಸ್‌ವಿಲ್ ಶಾಲೆ ಗೆದ್ದಿತು. 1938ರಲ್ಲಿ 787 ಶಾಲೆಗಳು ಭಾಗವಹಿಸಿದವು. ಇದುವೇ ದಾಖಲೆ. ಸ್ವತಃ ನೈಸ್ಮಿತ್ ಅವರು 1925ರಲ್ಲಿ ಇಲ್ಲಿಯ ಅಂತಿಮ ಪಂದ್ಯವನ್ನು ನೋಡಿ ಬೆರಗಾಗಿ ಹೋದರು.

ಈ ಪಂದ್ಯಾವಳಿಯ ವಿಶೇಷವನ್ನು ಓದುಗರು ಗಮನಿಸಬೇಕು. ದೊಡ್ಡ ಶಾಲೆ, ಸಣ್ಣ ಶಾಲೆ ಎಂಬ ವಿಂಗಡಣೆಯೇ ಇರಲಿಲ್ಲ. ಎರಡು ಸಾವಿರ ಮಕ್ಕಳ ನಗರದ ಶಾಲೆಯೂ ನೂರು ಮಕ್ಕಳ ಹಳ್ಳಿಯ ಶಾಲೆಯೂ ಒಂದೇ ಪಟ್ಟಿಯಲ್ಲಿ. ಸೆಕ್ಷನಲ್, ರೀಜನಲ್, ಸೆಮಿ ಸ್ಟೇಟ್, ಕೊನೆಗೆ ರಾಜ್ಯ ಅಂತಿಮ ಹೀಗೆ ನಾಲ್ಕು ಮೆಟ್ಟಿಲು. ಒಮ್ಮೆ ಸೋತರೆ ಮನೆಗೆ. ಗೆಲ್ಲಬೇಕಾದರೆ ಒಂದು ಸೋಲೂ ಇಲ್ಲದೆ ಕೊನೆಯವರೆಗೆ ಹೋಗಬೇಕು.

'ಎಲ್ಲರಿಗೂ ತೆರೆದ ಪಂದ್ಯಾವಳಿ' ಎಂಬ ಮಾತನ್ನು ಮಾತ್ರ ಸ್ವಲ್ಪ ಜಾಗ್ರತೆಯಿಂದ ಬಳಸಬೇಕು. ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಘ 1903ರಲ್ಲಿ ಸ್ಥಾಪನೆಯಾದರೂ 1942ರವರೆಗೆ ಕಪ್ಪು ವರ್ಣೀಯರ ಶಾಲೆಗಳಿಗೂ ಕ್ಯಾಥೊಲಿಕ್ ಶಾಲೆಗಳಿಗೂ ಅದರ ಪಂದ್ಯಾವಳಿಯಲ್ಲಿ ಸ್ಥಾನವಿರಲಿಲ್ಲ. ಇಬ್ಬರಿಗೂ ಒಂದೇ ವರ್ಷ ಬಾಗಿಲು ತೆರೆಯಿತು. ಈ ಸಂಗತಿಯನ್ನು ಇಂಡಿಯಾನಾ ಬಾಸ್ಕೆಟ್‌ಬಾಲಿನ ಗುಣಗಾನ ಮಾಡುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಾವು ಈ ಲೇಖನದಲ್ಲಿ ಇನ್ನೊಮ್ಮೆ ಅದಕ್ಕೆ ಮರಳಿ ಬರಲಿದ್ದೇವೆ.

ಹೊಸ ತರಬೇತುದಾರ

1950ರ ದಶಕದ ಆರಂಭದಲ್ಲಿ ಮೈಲನ್ ತಂಡದ ತರಬೇತುದಾರರಾಗಿದ್ದವರು ಹರ್ಮನ್ ಗ್ರಿನ್‌ಸ್ಟೆಡ್. ಅನುಮತಿ ಪಡೆಯದೆ ತಂಡಕ್ಕೆ ಹೊಸ ಜೆರ್ಸಿಗಳನ್ನು ತರಿಸಿದರೆಂಬ ಕಾರಣಕ್ಕೆ ಅವರನ್ನು ಕೆಲಸದಿಂದ ತೆಗೆಯಲಾಯಿತು. ಊರವರಿಗೆ ಇದು ಸರಿ ಕಾಣಲಿಲ್ಲ. ಅವರ ಜಾಗಕ್ಕೆ 1952ರಲ್ಲಿ ಬಂದವರು 24 ವರ್ಷದ ಮಾರ್ವಿನ್ ವುಡ್. ಬಟ್ಲರ್ ವಿಶ್ವವಿದ್ಯಾನಿಲಯದಲ್ಲಿ ಟೋನಿ ಹಿಂಕಲ್ ಎಂಬ ಹೆಸರಾಂತ ತರಬೇತುದಾರರ ಕೈಕೆಳಗೆ ಆಡಿದವರು. ಅದಕ್ಕೆ ಮೊದಲು ಫ್ರೆಂಚ್ ಲಿಕ್ ಎಂಬ ಊರಿನಲ್ಲಿ ಕೆಲಸ ಮಾಡಿದ್ದರು. ಮೃದು ಮಾತಿನವರು.

ಮೃದು ಮಾತಿನವರಾದರೂ ತಮ್ಮ ನಿರ್ಧಾರ ಬಿಡುವವರಲ್ಲ. ಅಭ್ಯಾಸ ನೋಡಲು ಬರುತ್ತಿದ್ದ ಊರ ಹಿರಿಯರಿಗೆ ಬಾಗಿಲು ಮುಚ್ಚಿದರು. ಓಡಿ ಓಡಿ ಹೊಡೆಯುವ ಹಳೆಯ ಆಟವನ್ನು ಬಿಡಿಸಿ ತಾಳ್ಮೆಯ ಆಟ ಕಲಿಸಿದರು. ರಕ್ಷಣೆಯಲ್ಲಿ ಝೋನ್ ಪದ್ಧತಿ. ಆಕ್ರಮಣದಲ್ಲಿ 'ಬೆಕ್ಕು ಮತ್ತು ಇಲಿ' ಎಂದು ಅವರು ಕರೆಯುತ್ತಿದ್ದ ಕ್ರಮ. ನಾಲ್ಕು ಹುಡುಗರು ಅಂಗಣದ ನಾಲ್ಕು ಬದಿಗೆ ಹರಡಿ ನಿಲ್ಲುತ್ತಾರೆ, ಚೆಂಡು ಸಾವಧಾನವಾಗಿ ಕೈಯಿಂದ ಕೈಗೆ ಹೋಗುತ್ತಿರುತ್ತದೆ, ಎದುರಾಳಿ ಬೇಸತ್ತು ಮುಂದೆ ಬಂದ ಕ್ಷಣದಲ್ಲಿ ಬುಟ್ಟಿಯ ಕಡೆಗೆ ನುಗ್ಗುವುದು. ಆ ಕಾಲದಲ್ಲಿ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಬೇಕೆಂಬ ನಿಯಮ ಇರಲಿಲ್ಲ. ವೃತ್ತಿಪರ ಲೀಗ್ ಆದ ಎನ್‌ಬಿಎ 24 ಸೆಕೆಂಡಿನ ನಿಯಮವನ್ನು ತಂದದ್ದೇ 1954ರ ಕೊನೆಯಲ್ಲಿ. ಎತ್ತರವೂ ಸಂಖ್ಯೆಯೂ ಇಲ್ಲದ ತಂಡಕ್ಕೆ ಸಮಯವೊಂದೇ ಅಸ್ತ್ರ ಎಂಬುದನ್ನು ಈ ಯುವ ಮಾಸ್ತರರು ಕಂಡುಕೊಂಡಿದ್ದರು. ತಂಡದ ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದ ಜೀನ್ ವೈಟ್ ಆರಡಿಯೂ ಇರಲಿಲ್ಲ.

ಹುಡುಗರು ಯಾರು? ಬಾಬಿ ಪ್ಲಂಪ್, ರೇ ಕ್ರಾಫ್ಟ್, ಜೀನ್ ವೈಟ್, ರಾನ್ ಟ್ರೂಯಿಟ್, ಬಾಬ್ ಎಂಗಲ್ ಇವರು ಮುಖ್ಯ ಐವರು. ಪ್ಲಂಪ್ ಮತ್ತು ವೈಟ್ ಮೈಲನ್‌ನವರೂ ಅಲ್ಲ, ಪಕ್ಕದ ಪಿಯರ್ಸ್‌ವಿಲ್ ಎಂಬ ಕುಗ್ರಾಮದವರು. ಅಲ್ಲಿ ಇದ್ದದ್ದೇ ಐವತ್ತರೊಳಗೆ ಜನ. ಪ್ಲಂಪ್ ಐದು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಮನೆಯಂಗಳದಲ್ಲಿ, ಕೊಟ್ಟಿಗೆಯಲ್ಲಿ ಒಟ್ಟಿಗೆ ಆಡಿ ಬೆಳೆದ ಈ ಗೆಳೆಯರಿಗೆ ಒಬ್ಬನ ಮನಸ್ಸು ಇನ್ನೊಬ್ಬನಿಗೆ ಹೇಳದೆಯೇ ತಿಳಿಯುತ್ತಿತ್ತು. ನಗರದ ದೊಡ್ಡ ಶಾಲೆಯ ತಂಡಗಳಿಗೆ ಇಲ್ಲದ ಅನುಕೂಲವೆಂದರೆ ಇದೊಂದು.

1953ರಲ್ಲಿಯೇ ಮೈಲನ್ ರಾಜ್ಯದ ಕೊನೆಯ ನಾಲ್ಕರ ಹಂತಕ್ಕೆ ಬಂದು ಸೌತ್ ಬೆಂಡ್ ಸೆಂಟ್ರಲ್ ಶಾಲೆಗೆ 56-37ರಿಂದ ಸೋತಿತ್ತು. ಆದುದರಿಂದ 1954ರ ಗೆಲುವು ಆಕಾಶದಿಂದ ಬಿದ್ದದ್ದಲ್ಲ. 'ಪವಾಡ' ಎಂದು ಪತ್ರಿಕೆಗಳು ಕರೆದವು, ಇಂದಿಗೂ 'ಮೈಲನ್ ಪವಾಡ' ಎಂದೇ ಹೆಸರು. ಪವಾಡ ಎಂಬ ಪದವನ್ನು ತೂಗಿ ಬಳಸುವ ಅಭ್ಯಾಸವಿರುವ ನಮ್ಮಂಥವರಿಗೆ, ಎರಡು ವರ್ಷ ಒಂದೇ ಹುಡುಗರು ಒಂದೇ ಪಾಠವನ್ನು ಕಲಿತದ್ದರ ಫಲ ಎನ್ನುವುದೇ ಹೆಚ್ಚು ಒಪ್ಪುತ್ತದೆ.

ಒಂಬತ್ತು ಗೆಲುವುಗಳು

1954ರ ಪಂದ್ಯಾವಳಿಗೆ 751 ಶಾಲೆಗಳು ಇಳಿದಿದ್ದವು. ಸೆಕ್ಷನಲ್ ಹಂತ ನೆರೆಯ ವರ್ಸೇಲ್ಸ್ ಊರಿನಲ್ಲಿ. ಅಲ್ಲಿ ಮೈಲನ್ ಕ್ರಾಸ್ ಪ್ಲೇನ್ಸ್ ಶಾಲೆಯನ್ನು 83-36, ಆಸ್ಗುಡ್ ಶಾಲೆಯನ್ನು 44-32, ವರ್ಸೇಲ್ಸ್ ಶಾಲೆಯನ್ನು 57-43 ಅಂಕಗಳಿಂದ ಸೋಲಿಸಿತು. ರೀಜನಲ್‌ನಲ್ಲಿ ರಶ್‌ವಿಲ್ ವಿರುದ್ಧ 58-34, ಅರೋರಾ ವಿರುದ್ಧ 46-38. ಇದೇ ಅರೋರಾ ಆ ಋತುವಿನಲ್ಲಿ ಮೈಲನ್ ತಂಡವನ್ನು ಒಮ್ಮೆ ಸೋಲಿಸಿತ್ತು.

ಸೆಮಿ ಸ್ಟೇಟ್ ಹಂತದಿಂದ ಆಟ ರಾಜಧಾನಿ ಇಂಡಿಯಾನಾಪೊಲಿಸ್‌ನ ಬಟ್ಲರ್ ಫೀಲ್ಡ್‌ಹೌಸಿನಲ್ಲಿ. 1928ರಲ್ಲಿ ಕಟ್ಟಿದ, 15,000 ಜನ ಕುಳಿತುಕೊಳ್ಳುವ ಒಳಾಂಗಣ. ತಮ್ಮ ಊರಿನ ಹನ್ನೆರಡು ಪಾಲಿಗಿಂತ ಹೆಚ್ಚು ಜನ ಒಂದೇ ಸೂರಿನಡಿ ಕುಳಿತದ್ದನ್ನು ಈ ಹುಡುಗರು ಹಿಂದಿನ ವರ್ಷವೇ ಕಂಡಿದ್ದರು. ಎರಡನೆಯ ಸಲ ಬಂದಾಗ ಹೆದರಿಕೆ ಕಡಿಮೆ. ಮೊದಲು ಮಾಂಟೆಝುಮಾ ಎಂಬ ಇನ್ನೊಂದು ಸಣ್ಣ ಶಾಲೆಯನ್ನು 44-34ರಿಂದ ದಾಟಿದರು. ಬಳಿಕ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆ.

ಕ್ರಿಸ್ಪಸ್ ಅಟಕ್ಸ್ 1927ರಲ್ಲಿ ಕಪ್ಪು ವರ್ಣೀಯ ಮಕ್ಕಳನ್ನು ಬಿಳಿಯರ ಶಾಲೆಗಳಿಂದ ಬೇರ್ಪಡಿಸುವುದಕ್ಕೆಂದೇ ಕಟ್ಟಿದ ಪ್ರೌಢಶಾಲೆ. ಆ ತಂಡದಲ್ಲಿ ಆಸ್ಕರ್ ರಾಬರ್ಟ್‌ಸನ್ ಎಂಬ ಹತ್ತನೇ ತರಗತಿಯ ಹುಡುಗನಿದ್ದ. ಮುಂದೆ ಅಮೆರಿಕದ ಸಾರ್ವಕಾಲಿಕ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ ಸೇರಿದವರು ಇವರೇ. ಮೈಲನ್ 65-52ರಿಂದ ಗೆದ್ದಿತು. ಪ್ಲಂಪ್ ಒಬ್ಬನೇ 28 ಅಂಕ.

ಮಾರ್ಚ್ 20ರಂದು ಅಂತಿಮ ದಿನ. ಒಂದೇ ದಿನ ಎರಡು ಪಂದ್ಯ. ಮಧ್ಯಾಹ್ನ ಟೆರ್ ಹಾಟ್ ಗರ್ಸ್ಟ್‌ಮೇಯರ್ ಶಾಲೆಯ ವಿರುದ್ಧ 60-48. ರಾತ್ರಿ ಮನ್ಸಿ ಸೆಂಟ್ರಲ್. ಮೈಲನ್‌ಗಿಂತ ಹತ್ತು ಪಟ್ಟು ದೊಡ್ಡ ಶಾಲೆ. ಅಷ್ಟರಲ್ಲೇ ನಾಲ್ಕು ಸಲ ರಾಜ್ಯ ಪ್ರಶಸ್ತಿ ಪಡೆದಿದ್ದ ಶಾಲೆ (1928, 1931, 1951, 1952). ಆಟಗಾರರ ಎತ್ತರವೂ ಅದಕ್ಕೆ ತಕ್ಕಂತೆ.

ನಾಲ್ಕು ನಿಮಿಷ ಹದಿಮೂರು ಸೆಕೆಂಡ್

ಪ್ರೌಢಶಾಲಾ ಪಂದ್ಯ ಎಂಟು ನಿಮಿಷಗಳ ನಾಲ್ಕು ಭಾಗ. ಅರ್ಧ ಆಟ ಮುಗಿದಾಗ ಮೈಲನ್ 23, ಮನ್ಸಿ 17. ಮೂರನೇ ಭಾಗದಲ್ಲಿ ಮೈಲನ್‌ಗೆ ಬುಟ್ಟಿಯೇ ಸಿಗಲಿಲ್ಲ ಎನ್ನಬಹುದು. ಅದು ಮುಗಿಯುವಾಗ 26-26. ನಾಲ್ಕನೇ ಭಾಗದ ಆರಂಭದಲ್ಲೇ ಮನ್ಸಿ ಎರಡು ಅಂಕ ಮುಂದೆ ಹೋಯಿತು, 28-26.

ಇಲ್ಲಿ ಮಾರ್ವಿನ್ ವುಡ್ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಹಿಂದೆ ಬಿದ್ದ ತಂಡ ಅವಸರ ಮಾಡುವುದು ಸಹಜ. ಅವರು ಪ್ಲಂಪ್‌ಗೆ ಚೆಂಡು ಹಿಡಿದು ಸುಮ್ಮನೆ ನಿಲ್ಲಲು ಹೇಳಿದರು. ಪ್ಲಂಪ್ ಅಂಗಣದ ಮಧ್ಯದಲ್ಲಿ ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿದು ನಿಂತ. ಡ್ರಿಬಲ್ ಇಲ್ಲ, ಪಾಸ್ ಇಲ್ಲ. ಎದುರಿಗೆ ಮನ್ಸಿಯ ಹುಡುಗ. ಮುಂದಿರುವ ತಂಡವಾದ್ದರಿಂದ ಅವನಿಗೂ ಬಂದು ಕಸಿಯುವ ಅಗತ್ಯವಿಲ್ಲ. ಹದಿನೈದು ಸಾವಿರ ಜನರ ಮುಂದೆ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ನೋಡುತ್ತಾ 4 ನಿಮಿಷ 13 ಸೆಕೆಂಡ್ ನಿಂತರು. ಈಗಲೂ ಆ ಪಂದ್ಯದ ಹಳೆಯ ಕಪ್ಪುಬಿಳುಪು ಚಿತ್ರಸುರುಳಿಯಲ್ಲಿ ಈ ಭಾಗವನ್ನು ನೋಡಿದರೆ ಫಿಲ್ಮ್ ಸಿಕ್ಕಿಹಾಕಿಕೊಂಡಿದೆಯೋ ಎಂದು ಅನುಮಾನ ಬರುತ್ತದೆ.

ಲೆಕ್ಕಾಚಾರ ಇಷ್ಟೇ. ಉದ್ದನೆಯ ಹುಡುಗರೊಡನೆ ಎಂಟು ನಿಮಿಷ ಸೆಣಸಿದರೆ ಮನ್ಸಿ ಗೆಲ್ಲುತ್ತದೆ. ಮೂರು ನಿಮಿಷ ಮಾತ್ರ ಸೆಣಸುವಂತಾದರೆ ಯಾರು ಬೇಕಾದರೂ ಗೆಲ್ಲಬಹುದು. ಅಂತರ ಎರಡೇ ಅಂಕದ್ದು ತಾನೆ?

ಕೊನೆಗೆ ಪ್ಲಂಪ್ ಎಸೆದ ಚೆಂಡು ಬುಟ್ಟಿಗೆ ಬೀಳಲಿಲ್ಲ. ಆ ರಾತ್ರಿ ಆತನ ಕೈ ನಡೆಯುತ್ತಲೇ ಇರಲಿಲ್ಲ. ಆದರೆ ಮನ್ಸಿ ಚೆಂಡನ್ನು ಕಳೆದುಕೊಂಡಿತು, ರೇ ಕ್ರಾಫ್ಟ್ ಹೊಡೆದು 28-28 ಮಾಡಿದ. ಪ್ಲಂಪ್ ಎರಡು ಫ್ರೀ ಥ್ರೋ ಹಾಕಿದಾಗ 30-28. ಮನ್ಸಿಯ ಜೀನ್ ಫ್ಲವರ್ಸ್ ಮತ್ತೆ ಸಮ ಮಾಡಿದ, 30-30. ಹದಿನೆಂಟು ಸೆಕೆಂಡ್ ಉಳಿದಿರುವಾಗ ಮೈಲನ್ ಟೈಮ್ ಔಟ್ ಕೇಳಿತು.

ಟೈಮ್ ಔಟ್‌ನಲ್ಲಿ ಉಪಾಯ ಹೇಳಿದ್ದು ಕೋಚ್ ಅಲ್ಲ, ಜೀನ್ ವೈಟ್. ನಾವು ನಾಲ್ವರೂ ಒಂದು ಬದಿಗೆ ಸರಿಯೋಣ, ಪ್ಲಂಪ್ ಒಬ್ಬನೇ ತನ್ನ ಎದುರಾಳಿಯನ್ನು ನೋಡಿಕೊಳ್ಳಲಿ ಎಂಬುದು ಆತನ ಸಲಹೆ. ಮಾಸ್ತರರು ಹುಡುಗನ ಮಾತಿಗೆ ಒಪ್ಪಿದರು. ಅಷ್ಟು ಹೊತ್ತು ಗುರಿ ತಪ್ಪುತ್ತಿದ್ದವನ ಕೈಗೇ ಕೊನೆಯ ಚೆಂಡನ್ನು ಕೊಟ್ಟರು ಎಂಬುದೂ ಗಮನಾರ್ಹ. ಪ್ಲಂಪ್ ಚೆಂಡು ಹಿಡಿದು ಕಾದ, ಬಲಗಡೆಗೆ ನುಗ್ಗಿದ, ತಟ್ಟನೆ ನಿಂತು ಸುಮಾರು 14 ಅಡಿ ದೂರದಿಂದ ಹಾರಿ ಎಸೆದ. ಚೆಂಡು ಒಳಗೆ ಬಿತ್ತು. 32-30. ಮನ್ಸಿಗೆ ಮರುಪ್ರಯತ್ನಕ್ಕೆ ಸಮಯ ಉಳಿಯಲಿಲ್ಲ.

ಋತುವಿನ ಒಟ್ಟು ಲೆಕ್ಕ 28 ಗೆಲುವು, 2 ಸೋಲು. ಮನೋಭಾವ ಮತ್ತು ನಡತೆಗಾಗಿ ನೀಡುವ ಟ್ರೆಸ್ಟರ್ ಪ್ರಶಸ್ತಿ ಪ್ಲಂಪ್‌ಗೆ ಸಿಕ್ಕಿತು. ರಾಜ್ಯದ ವರ್ಷದ ಆಟಗಾರ ಎಂಬ 'ಮಿಸ್ಟರ್ ಬಾಸ್ಕೆಟ್‌ಬಾಲ್' ಗೌರವವೂ ಸಂದಿತು.

ಎರಡು ಮೆರವಣಿಗೆಗಳು

ತಂಡವನ್ನು ಪಂದ್ಯಗಳಿಗೆ ಕರೆದೊಯ್ಯಲು ಊರಿನ ಕಾರು ವ್ಯಾಪಾರಿಯೊಬ್ಬರು ಪ್ರತಿ ಹಂತಕ್ಕೂ ಹೊಸ ಕಾರುಗಳನ್ನು ಕೊಡುತ್ತಿದ್ದರು. ಅಂತಿಮ ಪಂದ್ಯಕ್ಕೆ ಕ್ಯಾಡಿಲಾಕ್ ಬಂದಿತ್ತು. ಗೆದ್ದ ರಾತ್ರಿ ಪೊಲೀಸ್ ಬೆಂಗಾವಲಿನಲ್ಲಿ ಹುಡುಗರನ್ನು ನಗರದ ನಡುವಿನ ಸ್ಮಾರಕ ವೃತ್ತಕ್ಕೆ ಕರೆತಂದು, ಏಕಮುಖ ರಸ್ತೆಯಲ್ಲಿ ವಿರುದ್ಧ ದಿಕ್ಕಿನಲ್ಲಿ ಒಂದು ಸುತ್ತು ಹಾಕಿಸಲಾಯಿತು. ಮರುದಿನ ಭಾನುವಾರ ಮೈಲನ್‌ಗೆ ಮರಳುವಾಗ ದಾರಿಯುದ್ದಕ್ಕೂ ಜನ. ಆ ಸಣ್ಣ ಊರಿಗೆ ಅಂದು 40,000 ಮಂದಿ ಬಂದರೆಂದು ಸಾಮಾನ್ಯವಾಗಿ ಬರೆಯಲಾಗುತ್ತದೆ. ನಮ್ಮ ಕಡೆ ಜಾತ್ರೆ, ಸಾಂತ್‌ಮಾರಿಗಳ ಲೆಕ್ಕ ಕೇಳಿ ಗೊತ್ತಿರುವವರು ಈ ಅಂಕಿಯಲ್ಲಿ ಸ್ವಲ್ಪ ಕಳೆದುಕೊಂಡರೂ ಜನ ಬಹಳವಿದ್ದರೆಂಬುದು ಖಂಡಿತ.

ಮರುವರ್ಷ, 1955ರಲ್ಲಿ, ಅದೇ ಫೀಲ್ಡ್‌ಹೌಸಿನಲ್ಲಿ ಕ್ರಿಸ್ಪಸ್ ಅಟಕ್ಸ್ ರಾಜ್ಯ ಪ್ರಶಸ್ತಿ ಗೆದ್ದಿತು. ಇಂಡಿಯಾನಾಪೊಲಿಸ್ ನಗರದ ಯಾವ ಶಾಲೆಯೂ ಅದುವರೆಗೆ ಗೆದ್ದಿರಲಿಲ್ಲ. ಅಮೆರಿಕದಲ್ಲಿ ಎಲ್ಲರೂ ಸೇರಿದ ರಾಜ್ಯ ಪಂದ್ಯಾವಳಿಯೊಂದನ್ನು ಕಪ್ಪು ವರ್ಣೀಯರದೇ ಆದ ಶಾಲೆ ಗೆದ್ದದ್ದು ಅದೇ ಮೊದಲು. ತನ್ನ ಒಳಾಂಗಣದಲ್ಲಿ ಪಂದ್ಯ ನಡೆಸುವಷ್ಟು ಜಾಗವೂ ಆ ಶಾಲೆಗಿರಲಿಲ್ಲ, ಎಲ್ಲ ಪಂದ್ಯಗಳನ್ನೂ ಹೊರಗೆ ಆಡುತ್ತಿತ್ತು. ಗೆದ್ದ ರಾತ್ರಿ ಅವರ ವಾಹನವೂ ಸ್ಮಾರಕ ವೃತ್ತಕ್ಕೆ ಬಂತು. ಆದರೆ ಅಲ್ಲಿ ನಿಲ್ಲಲು ಬಿಡಲಿಲ್ಲ. ಒಂದು ಸುತ್ತು ಹಾಕಿಸಿ ಕಪ್ಪು ವರ್ಣೀಯರು ವಾಸಿಸುವ ಬಡಾವಣೆಯ ನಾರ್ತ್‌ವೆಸ್ಟರ್ನ್ ಪಾರ್ಕಿಗೆ ಕಳುಹಿಸಲಾಯಿತು. ಸಂಭ್ರಮ ಬೇಕಿದ್ದರೆ ಅಲ್ಲಿ ಮಾಡಿಕೊಳ್ಳಿರಿ ಎಂಬಂತೆ. ಆಸ್ಕರ್ ರಾಬರ್ಟ್‌ಸನ್ ಇದನ್ನು ಮರೆಯಲಿಲ್ಲ, ವೃದ್ಧಾಪ್ಯದಲ್ಲಿಯೂ ಹೇಳುತ್ತಲೇ ಬಂದರು. 1956ರಲ್ಲಿ ಅಟಕ್ಸ್ ಒಂದೂ ಸೋಲಿಲ್ಲದೆ ಮತ್ತೆ ಗೆದ್ದಿತು. 1955ರ ತಂಡದವರನ್ನು ನಗರದ ವಾರ್ಷಿಕ ಮೆರವಣಿಗೆಯ ಮುಂಚೂಣಿಯಲ್ಲಿ ಕೂರಿಸಿ ಗೌರವಿಸಿದ್ದು 2015ರಲ್ಲಿ, ಅರುವತ್ತು ವರ್ಷ ಕಳೆದ ಮೇಲೆ.

ಮೈಲನ್‌ನ ಹುಡುಗರ ಮೇಲೆ ಇದರ ತಪ್ಪು ಹೊರಿಸುವಂತಿಲ್ಲ. ಆದರೆ ಒಂದು ವರ್ಷದ ಅಂತರದಲ್ಲಿ ಅದೇ ವೃತ್ತ, ಅದೇ ಪ್ರಶಸ್ತಿ, ಎರಡು ಬಗೆಯ ಸ್ವಾಗತ. ಮೈಲನ್ ಕಥೆಯನ್ನು ಇದನ್ನು ಬಿಟ್ಟು ಹೇಳಿದರೆ ಅರ್ಧ ಹೇಳಿದಂತೆ.

ಹುಡುಗರು ಮುಂದೇನಾದರು

ತಂಡದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಕಾಲೇಜಿಗೆ ಹೋದರು. 1954ರಲ್ಲಿ ಹಳ್ಳಿಯ ರೈತ ಕುಟುಂಬಗಳಿಗೆ ಇದು ಸಣ್ಣ ಮಾತಲ್ಲ. ನಮ್ಮ ಅಭಿಪ್ರಾಯದಲ್ಲಿ ಟ್ರೋಫಿಗಿಂತ ದೊಡ್ಡ ಫಲ ಇದು. ಹಲವರು ಶಿಕ್ಷಕರೂ ತರಬೇತುದಾರರೂ ಆದರು. ರಾನ್ ಟ್ರೂಯಿಟ್ ಟೆಕ್ಸಾಸಿನ ಹ್ಯೂಸ್ಟನ್ ಕಡೆ ಶಿಕ್ಷಣ ಕ್ಷೇತ್ರದಲ್ಲಿ ದುಡಿದರು, ಅಲ್ಲಿಯ ಒಂದು ಶಾಲೆಗೆ ಅವರ ಹೆಸರಿದೆ. ರೇ ಕ್ರಾಫ್ಟ್ ಬಟ್ಲರ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಮುಂದೆ ರಾಜ್ಯದ ಪ್ರೌಢಶಾಲಾ ಕ್ರೀಡಾ ಸಂಘದಲ್ಲಿಯೇ ಹಿರಿಯ ಅಧಿಕಾರಿಯಾದರು. ಪ್ಲಂಪ್ ಕೂಡ ಬಟ್ಲರಿನಲ್ಲಿ ಆಡಿ, ಬಳಿಕ ವಿಮಾ ವ್ಯವಹಾರ ನಡೆಸಿದರು. ಇಂಡಿಯಾನಾಪೊಲಿಸ್‌ನಲ್ಲಿ 'ಪ್ಲಂಪ್ಸ್ ಲಾಸ್ಟ್ ಶಾಟ್' ಎಂಬ ಹೋಟೆಲನ್ನೂ ತೆರೆದರು.

ಮಾರ್ವಿನ್ ವುಡ್ ಆ ಗೆಲುವಿನ ನಂತರ ಮೈಲನ್‌ನಲ್ಲಿ ಉಳಿಯಲಿಲ್ಲ. 1954ರಲ್ಲಿಯೇ ನ್ಯೂ ಕ್ಯಾಸಲ್ ಶಾಲೆಗೆ ಹೋದರು, ಅಲ್ಲಿಂದ ಬೇರೆ ಶಾಲೆಗಳಿಗೆ. ನಮ್ಮ ಓದುಗರಿಗೆ ಆಸಕ್ತಿಯ ವಿಷಯವೆಂದರೆ, ಇಳಿವಯಸ್ಸಿನಲ್ಲಿ ಅವರು ನೋಟ್ರ್ ಡೇಮ್‌ನಲ್ಲಿರುವ, ಹೋಲಿ ಕ್ರಾಸ್ ಸಭೆಯ ಭಗಿನಿಯರು 1844ರಲ್ಲಿ ಸ್ಥಾಪಿಸಿದ ಸೇಂಟ್ ಮೇರೀಸ್ ಮಹಿಳಾ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ನೀಡಿದರು. 1999ರಲ್ಲಿ ನಿಧನರಾದರು.

ಮಹಿಳೆಯರ ಮಾತು ಬಂದುದರಿಂದ ಒಂದು ಸಂಗತಿ. 1954ರ ಆ 161 ಮಕ್ಕಳಲ್ಲಿ 88 ಮಂದಿ ಹುಡುಗಿಯರು. ಅವರಿಗೆ ಆಡಲು ರಾಜ್ಯ ಪಂದ್ಯಾವಳಿ ಇರಲಿಲ್ಲ. ಪ್ರೋತ್ಸಾಹದ ಕೂಗು ಹಾಕುವುದಷ್ಟೇ ಅವರ ಪಾಲು. ಸರಕಾರದ ಹಣ ಪಡೆಯುವ ಶಾಲೆಗಳಲ್ಲಿ ಲಿಂಗಭೇದ ಮಾಡಬಾರದೆಂಬ ಕೇಂದ್ರ ಕಾನೂನು 1972ರಲ್ಲಿ ಬಂದ ಮೇಲೆ, 1976ರಲ್ಲಿ ಇಂಡಿಯಾನಾದಲ್ಲಿ ಹುಡುಗಿಯರ ಮೊದಲ ರಾಜ್ಯ ಬಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯಿತು. ಹುಡುಗರದ್ದು ನಡೆದು ಅರುವತ್ತೈದು ವರ್ಷಗಳ ನಂತರ.

ಚಲನಚಿತ್ರ

ಹೊರ ಜಗತ್ತಿಗೆ ಮೈಲನ್ ತಿಳಿದದ್ದು 1986ರ 'ಹೂಸಿಯರ್ಸ್' ಚಲನಚಿತ್ರದಿಂದ. ಹೂಸಿಯರ್ ಎಂದರೆ ಇಂಡಿಯಾನಾದವ ಎಂದರ್ಥ. ಏಂಜೆಲೊ ಪಿಝೊ ಬರೆದು ಡೇವಿಡ್ ಆನ್ಸ್‌ಪಾ ನಿರ್ದೇಶಿಸಿದ ಈ ಚಿತ್ರದಲ್ಲಿ ಜೀನ್ ಹ್ಯಾಕ್‌ಮನ್ ತರಬೇತುದಾರನ ಪಾತ್ರ ಮಾಡಿದ್ದಾರೆ. ಊರಿನ ಹೆಸರು ಹಿಕರಿ ಎಂದು ಬದಲಾಗಿದೆ. ಕೋಪಿಷ್ಠ, ಗತಕಾಲದ ಕಳಂಕವಿರುವ ನಡುವಯಸ್ಸಿನ ಕೋಚ್ ಚಿತ್ರದ ಸೃಷ್ಟಿ. ನಿಜವಾದ ವುಡ್ ಅವರಿಗೂ ಈ ಪಾತ್ರಕ್ಕೂ ಸಂಬಂಧವಿಲ್ಲ. ಅಂತಿಮ ಪಂದ್ಯದ ಎದುರಾಳಿಯೂ ಮನ್ಸಿ ಸೆಂಟ್ರಲ್ ಅಲ್ಲ. ಕೊನೆಯ ಎಸೆತ ಮಾತ್ರ ಹೆಚ್ಚು ಕಡಿಮೆ ಇದ್ದ ಹಾಗೆಯೇ ಇದೆ. ಚಿತ್ರೀಕರಿಸಿದ್ದೂ ಅದೇ ಒಳಾಂಗಣದಲ್ಲಿ. 1966ರಿಂದ ಅದರ ಹೆಸರು ಹಿಂಕಲ್ ಫೀಲ್ಡ್‌ಹೌಸ್. ಎದುರಾಳಿ ತಂಡದ ಕೋಚ್ ಆಗಿ ಬೆಂಚಿನಲ್ಲಿ ಕಾಣಿಸುವವರು ರೇ ಕ್ರೋ, ಅಟಕ್ಸ್ ಶಾಲೆಯನ್ನು 1955 ಮತ್ತು 1956ರಲ್ಲಿ ಗೆಲ್ಲಿಸಿದ ನಿಜವಾದ ತರಬೇತುದಾರರು. ಚಿತ್ರ ನೋಡಿದ ಹೆಚ್ಚಿನವರಿಗೆ ಇದು ತಿಳಿಯದು.

ಶಾಲೆಗಳು ಮುಚ್ಚಿದವು

1959ರಲ್ಲಿ ಇಂಡಿಯಾನಾ ಸರಕಾರ ಶಾಲೆಗಳ ಪುನರ್ರಚನೆಯ ಕಾಯಿದೆ ತಂದಿತು. ಸಣ್ಣ ಶಾಲೆಗಳನ್ನು ಒಟ್ಟುಗೂಡಿಸಿದರೆ ಪ್ರಯೋಗಾಲಯ, ಗ್ರಂಥಾಲಯ, ಹೆಚ್ಚಿನ ವಿಷಯಗಳು, ಅರ್ಹ ಶಿಕ್ಷಕರು ಎಲ್ಲವೂ ಸಿಗುತ್ತವೆ ಎಂಬ ವಾದ. ಅದರಲ್ಲಿ ಸತ್ಯವಿತ್ತು. ಆದರೆ ಶಾಲೆ ಹೋದ ಊರಿಗೆ ಶುಕ್ರವಾರದ ರಾತ್ರಿಯೂ ಹೋಯಿತು. ಮೈಲನ್ 1954ರಲ್ಲಿ ಎದುರಿಸಿದ ಶಾಲೆಗಳನ್ನೇ ನೋಡಿ. ವರ್ಸೇಲ್ಸ್ ಮತ್ತು ಕ್ರಾಸ್ ಪ್ಲೇನ್ಸ್ ಸೇರಿ ಸೌತ್ ರಿಪ್ಲಿ ಆಯಿತು. ಆಸ್ಗುಡ್ ಇದ್ದಲ್ಲಿ ಜ್ಯಾಕ್-ಸೆನ್-ಡೆಲ್ ಎಂಬ ಶಾಲೆ. ಜಾಕ್ಸನ್, ಸೆಂಟರ್, ಡೆಲವೇರ್ ಎಂಬ ಮೂರು ಹೋಬಳಿಗಳ ಹೆಸರಿನ ತುಂಡುಗಳನ್ನು ಜೋಡಿಸಿ ಮಾಡಿದ ಹೆಸರು, ಯಾರಿಗೂ ಅಸಮಾಧಾನವಾಗದಿರಲೆಂದು. ಅರೋರಾ ಸೌತ್ ಡಿಯರ್‌ಬಾರ್ನ್‌ನಲ್ಲಿ ವಿಲೀನ. ಮಾಂಟೆಝುಮಾ ಇಲ್ಲ. ಗರ್ಸ್ಟ್‌ಮೇಯರ್ 1971ರಲ್ಲಿ ಮುಚ್ಚಿತು. ಅಟಕ್ಸ್ 1986ರಲ್ಲಿ ಪ್ರೌಢಶಾಲೆಯ ಸ್ಥಾನ ಕಳೆದುಕೊಂಡು 2006ರಲ್ಲಿ ಮರಳಿ ಪಡೆಯಿತು. ಎಲ್ಲರಿಗಿಂತ ಸಣ್ಣ ಶಾಲೆಗಳ ಸಾಲಿನಲ್ಲಿದ್ದ ಮೈಲನ್ ಮಾತ್ರ ತನ್ನ ಹೆಸರಿನಲ್ಲಿಯೇ ಉಳಿಯಿತು.

ಶಾಲೆಗಳು ಕಡಿಮೆಯಾದಂತೆ ಉಳಿದವು ದೊಡ್ಡವಾದವು. 787 ಇದ್ದ ಸಂಖ್ಯೆ 1990ರ ದಶಕದಲ್ಲಿ ನಾನೂರಕ್ಕೂ ಕೆಳಗೆ ಇಳಿದಿತ್ತು. ಮೈಲನ್ ನಂತರ ಸಾವಿರಕ್ಕಿಂತ ಕಡಿಮೆ ಮಕ್ಕಳ ಶಾಲೆಯೊಂದು ಗೆದ್ದು ಜನರನ್ನು ಅಚ್ಚರಿಗೊಳಿಸಿದ್ದು 1982ರಲ್ಲಿ, ಪ್ಲಿಮತ್. ಅದೂ ಮೈಲನ್‌ನ ಐದು ಪಟ್ಟು. ಸಣ್ಣ ಶಾಲೆಗಳ ಮುಖ್ಯೋಪಾಧ್ಯಾಯರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಸೋಲುವುದಕ್ಕೆಂದೇ ಮಕ್ಕಳನ್ನು ಎಷ್ಟು ವರ್ಷ ಕಳುಹಿಸುವುದು? 1996ರಲ್ಲಿ ಕ್ರೀಡಾ ಸಂಘ ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಶಾಲೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲು ತೀರ್ಮಾನಿಸಿತು. 1997ರಲ್ಲಿ ಬ್ಲೂಮಿಂಗ್ಟನ್ ನಾರ್ತ್ ಕೊನೆಯ ಏಕ ಪ್ರಶಸ್ತಿಯನ್ನು ಗೆದ್ದಿತು. 1998ರಿಂದ ವರ್ಷಕ್ಕೆ ನಾಲ್ಕು ಚಾಂಪಿಯನ್ನರು.

ಇದನ್ನು ಬಲವಾಗಿ ವಿರೋಧಿಸಿದವರಲ್ಲಿ ಬಾಬಿ ಪ್ಲಂಪ್ ಮುಂಚೂಣಿಯಲ್ಲಿದ್ದರು. ಮೈಲನ್‌ನಂಥ ಊರಿಗೆ ಕನಸು ಕಾಣುವ ಹಕ್ಕನ್ನೇ ಕಸಿದುಕೊಂಡಂತೆ ಎಂಬುದು ಅವರ ಪಾಳಯದ ವಾದ. ಮತ್ತೊಂದು ಪಾಳಯ ಹೇಳುವುದು, ಎಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಂದು ಮೈಲನ್, ಉಳಿದವರಿಗೆ ಏನು ಸಿಕ್ಕಿತು? ಹೊಸ ಪದ್ಧತಿಯಲ್ಲಿ ಅದುವರೆಗೆ ಟ್ರೋಫಿ ಕಾಣದ ಹಲವು ಹಳ್ಳಿ ಶಾಲೆಗಳು ಗೆದ್ದಿವೆ, ಅವರ ಮಕ್ಕಳ ಸಂತೋಷ ಸುಳ್ಳಲ್ಲ. ಅಂತಿಮ ಪಂದ್ಯಗಳಿಗೆ ಬರುವ ಪ್ರೇಕ್ಷಕರು ಕಡಿಮೆಯಾದದ್ದೂ ಸುಳ್ಳಲ್ಲ. ಇಂಡಿಯಾನಾದಲ್ಲಿ ಈ ಚರ್ಚೆ ಮುಗಿದಿಲ್ಲ. ಅಲ್ಲಿಯವರೊಡನೆ ಮಾತಿಗೆ ಕುಳಿತರೆ ರಾಜಕೀಯಕ್ಕಿಂತ ಬೇಗ ಬಿಸಿಯೇರುವ ವಿಷಯ ಇದು.

ಮೈಲನ್ ಪ್ರೌಢಶಾಲೆ ನೆರೆಯ ಶಾಲೆಗಳೊಂದಿಗೆ ಓಹಾಯೊ ರಿವರ್ ವ್ಯಾಲಿ ಕಾನ್ಫರೆನ್ಸಿನಲ್ಲಿ ಆಡುತ್ತದೆ. ಪಟ್ಟಣದ ಹಳೆಯ ಬ್ಯಾಂಕ್ ಕಟ್ಟಡದಲ್ಲಿ 1954ರ ತಂಡದ ವಸ್ತುಸಂಗ್ರಹಾಲಯವಿದೆ. ಮನ್ಸಿ ಸೆಂಟ್ರಲ್ ಶಾಲೆ ಆ ಸೋಲಿನ ನಂತರ ಇನ್ನೂ ನಾಲ್ಕು ಸಲ ರಾಜ್ಯ ಪ್ರಶಸ್ತಿ ಗೆದ್ದಿತು. ಆದರೂ ಅದರ ಹೆಸರನ್ನು ಇಂಡಿಯಾನಾದ ಹೊರಗಿನವರು ಕೇಳುವುದು ಸೋತ ಆ ಒಂದು ಪಂದ್ಯದಿಂದ.